ಆಯಿ ಎರೆದ ಕೋಳಿಮರಿಗಳು

ಲೋಬಾನದ ಹೊಗೆ ಮೂಗಿಗೆ ಬಿದ್ದರೆ ಉಳಿದವರಿಗೆ ದೇವರೋ ದರ್ಗಾವೋ ತೊಟ್ಟಿಲೋ ನೆನಪಾಗುತ್ತದೆ. ನನಗೆ ನೆನಪಾಗುವುದು ಒದ್ದೆಯಾದ ಕೋಳಿಮರಿ. ಇದು ನಾಲ್ಕು ಮಂದಿಯ ಮುಂದೆ ಹೇಳಿಕೊಳ್ಳುವ ಸಂಗತಿಯಲ್ಲವೆಂದು ಇಷ್ಟು ವರ್ಷ ಸುಮ್ಮನಿದ್ದೆ. ಕಳೆದ ತಿಂಗಳು ಕೊಪ್ಪಳದ ನಮ್ಮ ಮನೆಯಲ್ಲಿ ಮಗಳ ಬಾಣಂತನ ನಡೆದಿತ್ತು. ಕೂಸಿಗೆ ಎರೆಯಲು ಬರುತ್ತಿದ್ದ ಶಾಂತವ್ವ ನೀರಿನ ಕೆಲಸ ಮುಗಿಸಿ, ಅಗ್ಗಿಷ್ಟಿಕೆಯ ಕೆಂಡದ ಮೇಲೆ ಒಂದು ಚಿಟಿಕೆ ಲೋಬಾನ ಉದುರಿಸಿ, ಅದರ ಬೆನ್ನಿಗೇ ನಾಲ್ಕು ಬಳ್ಳೊಳ್ಳಿ ಸಿಪ್ಪೆ ಹಾಕಿದಳು. ಹೊಗೆ ಮೊದಲು ನೆಲ ಹಿಡಿದು ಹರಿದು, ಆಮೇಲೆ ದಾರಿ ನೆನಪಾದಂತೆ ಮೇಲೆದ್ದಿತು. ನಾನು ಟವೆಲು ಹಿಡಿದು ನಿಂತವಳು ಹಾಗೆಯೇ ನಲವತ್ತು ವರ್ಷ ಹಿಂದಕ್ಕೆ ಹೋಗಿ ನಮ್ಮೂರ ಮನೆಯ ಬಚ್ಚಲ ಬಾಗಿಲಲ್ಲಿ ನಿಂತೆ. ಆ ಬಚ್ಚಲು ಈಗಿಲ್ಲ. ಅದರ ಜಾಗದಲ್ಲಿ ಬಿಳಿ ಟೈಲ್ಸು ಹಾಕಿದ ಬಾತ್‌ರೂಮು ಇದೆ, ಗೀಸರು ಇದೆ, ಸ್ವಿಚ್ಚು ಒತ್ತಿದರೆ ಕೆಂಪು ದೀಪ ಹತ್ತುತ್ತದೆ. ಯಾರ ಮೇಲೂ ನನಗೆ ತಕರಾರಿಲ್ಲ. ಬಿಸಿನೀರು ಎಲ್ಲಿಂದ ಬಂದರೂ ಬಿಸಿನೀರೇ.

ನಮ್ಮೂರು ಕುಷ್ಟಗಿಯಿಂದ ಹನುಮಸಾಗರಕ್ಕೆ ಹೋಗುವ ದಾರಿಯಲ್ಲಿ ಬಸ್ಸು ಮನಸ್ಸಾದರೆ ನಿಲ್ಲುತ್ತಿದ್ದ ಊರು. ನಮ್ಮದು ಮಣ್ಣಿನ ಮಾಳಿಗೆಯ ಮನೆ. ಮುಂದೆ ಪಡಸಾಲೆ, ನಡುವೆ ಅಡಿಗೆಮನೆ, ಹಿಂದೆ ಬಚ್ಚಲು, ಅದರಾಚೆ ಹಿತ್ತಲು. ಬಚ್ಚಲಲ್ಲಿ ಒಂದು ತಾಮ್ರದ ಹಂಡೆ, ಅದರ ಕೆಳಗೆ ಎಂದೂ ಪೂರ್ತಿ ಆರದ ಒಲೆ, ಎದುರಿಗೆ ನುಣುಪಾದ ಒಂದು ಹಾಸುಗಲ್ಲು. ಆ ಕಲ್ಲಿನ ಮೇಲೆ ಗೋಡೆಗೆ ಬೆನ್ನು ಕೊಟ್ಟು, ಎರಡೂ ಕಾಲು ಚಾಚಿ ಕೂತಿರುತ್ತಿದ್ದವಳು ನಮ್ಮ ಆಯಿ, ಅಂದರೆ ಅಪ್ಪನ ತಾಯಿ. ಊರಿನಲ್ಲಿ ಯಾವ ಮನೆಯಲ್ಲಿ ಕೂಸು ಹುಟ್ಟಿದರೂ ಅದಕ್ಕೆ ಎರೆಯಲು ಕರೆ ಬರುತ್ತಿದ್ದುದು ಆಯಿಗೆ. ಅವಳು ಕರೆದವರ ಮನೆಗೂ ಹೋಗುತ್ತಿದ್ದಳು, ಎತ್ತಿಕೊಂಡು ಬಂದವರಿಗೆ ನಮ್ಮ ಬಚ್ಚಲಲ್ಲೂ ಎರೆಯುತ್ತಿದ್ದಳು. ಆಯಿಯ ಕೈಗುಣ ದೊಡ್ಡದು ಎಂಬುದು ಊರಿನ ಮಾತು. ಅವಳು ಎರೆದ ಕೂಸು ಸಂಜೆಯವರೆಗೆ ನಿದ್ದೆ ಮಾಡುತ್ತಿತ್ತು, ಎದ್ದರೆ ಹಾಲಿಗೇ ಏಳುತ್ತಿತ್ತು. ನನ್ನ ಓರಗೆಯವರಲ್ಲಿ ಆಯಿಯ ಕಾಲಮೇಲೆ ಬೋರಲಾಗಿ ಮಲಗಿ ಊರೆಲ್ಲ ಕೇಳುವಂತೆ ಅಳದೇ ಇದ್ದವರು ಒಬ್ಬರೂ ಇರಲಿಲ್ಲ. ಮುಂದೆ ಮೀಸೆ ಬಿಟ್ಟು, ಪಂಚಾಯಿತಿ ಮೆಂಬರಾಗಿ, ಬಿಳಿ ಅಂಗಿ ತೊಟ್ಟು ಓಡಾಡಿದವರೂ ಆಯಿ ಎದುರಿಗೆ ಬಂದರೆ ಸ್ವಲ್ಪ ಬಗ್ಗಿಯೇ ಹೋಗುತ್ತಿದ್ದರು. ತಮ್ಮ ಸಾರ್ವಜನಿಕ ಜೀವನದ ಆರಂಭ ಈ ಮುದುಕಿಗೆ ಪೂರ್ತಿ ಗೊತ್ತಿದೆ ಎಂಬ ಅಳುಕು ಅವರಿಗೆ.

ಆಯಿ ಎರೆಯುವಾಗ ಮಗ್ಗುಲಲ್ಲಿ ನಿಂತು ಹಂಡೆಯ ನೀರಿಗೆ ತಣ್ಣೀರು ಬೆರೆಸಿ, ತಂಬಿಗೆ ತುಂಬಿ ತುಂಬಿ ಕೊಡುವ ಕೆಲಸ ಒಂದಿತ್ತು. ಅದು ಅವ್ವನದು. ಅವ್ವ ಇಲ್ಲದಾಗ ಅತ್ತಿಯದು. ಅತ್ತಿ ಎಂದರೆ ಅಪ್ಪನ ತಂಗಿ, ಆಯಿಯ ಒಬ್ಬಳೇ ಮಗಳು. ಆ ತಂಬಿಗೆಯ ಮೇಲೆ ನನಗೆ ಎಂಥ ಆಸೆ ಇತ್ತೆಂದರೆ, ಉಳಿದ ಹುಡುಗಿಯರು ಬಳೆ ರಿಬ್ಬನ್ನಿಗೆ ಹಟ ಹಿಡಿಯುತ್ತಿದ್ದರೆ ನಾನು ತಂಬಿಗೆಗೆ ಹಟ ಹಿಡಿಯುತ್ತಿದ್ದೆ. ಆಯಿ ಜಗ್ಗುತ್ತಿರಲಿಲ್ಲ. ನೀರಿನ ಹದ ತಪ್ಪಿದರೆ ಕೂಸಿನ ಚರ್ಮ ಹೋಗುತ್ತದೆ, ನೀನಿನ್ನೂ ಸಣ್ಣಾಕಿ, ಕೈಗೆ ಹದ ಬರಬೇಕು ಎನ್ನುತ್ತಿದ್ದಳು. ನನಗಾಗ ಒಂಬತ್ತು ವರ್ಷ. ಕೈಗೆ ಹದ ಬಂದಿದೆ ಎಂದು ನನಗೆ ಖಾತ್ರಿ ಇತ್ತು. ಸಾಬೀತು ಮಾಡಲು ಒಂದು ಕೂಸು ಮಾತ್ರ ಬೇಕಾಗಿತ್ತು.

ಸಂಕ್ರಮಣ ಕಳೆದು ಇನ್ನೂ ಚಳಿ ಬಿಡದ ಒಂದು ಮುಂಜಾನೆ ಗಂಗಾವತಿ ಕಡೆಯವನೊಬ್ಬ ಸೈಕಲ್ಲಿನ ಹಿಂದೆ ಅಗಲವಾದ ಬುಟ್ಟಿ ಕಟ್ಟಿಕೊಂಡು ಓಣಿಗೆ ಬಂದ. ಬುಟ್ಟಿಯ ಮೇಲೆ ಬಲೆ, ಬಲೆಯ ಕೆಳಗೆ ಚಿಂವ್ ಚಿಂವ್ ಎಂದು ಒಂದೇ ಸಮನೆ ಕುದಿಯುವ ಸದ್ದು. ನಾವೆಲ್ಲ ಸಾಲಿಯ ಚೀಲ ಬಗಲಲ್ಲಿಟ್ಟುಕೊಂಡು ಸುತ್ತ ನಿಂತೆವು. ಒಳಗಿದ್ದುದು ಕೋಳಿಮರಿಗಳು. ಆದರೆ ಅಂಥ ಕೋಳಿಮರಿಗಳನ್ನು ನಮ್ಮೂರು ಕಂಡಿರಲಿಲ್ಲ. ಗುಲಾಬಿ, ಹಸಿರು, ಹಳದಿ. ಜಾತ್ರೆಯ ಮಿಠಾಯಿಗೆ ಹಾಕುವ ಬಣ್ಣದಲ್ಲಿ ಅದ್ದಿ ತೆಗೆದಂತಿದ್ದವು. ಅವನು ಕೂದಲಿಗೆ ಮರಿ ಕೊಡುತ್ತಿದ್ದ. ಹೆಂಗಸರು ತಲೆ ಬಾಚಿದಾಗ ಉದುರಿದ ಕೂದಲನ್ನು ಸುತ್ತಿ ಉಂಡೆ ಮಾಡಿ ಗೋಡೆಯ ಸಂದಿಯಲ್ಲಿ ಸಿಕ್ಕಿಸಿಡುವ ರೂಢಿ ನಿಮ್ಮ ಮನೆಯಲ್ಲೂ ಇದ್ದಿರಬಹುದು. ನಮ್ಮ ಹಿತ್ತಲ ಗೋಡೆಯಲ್ಲಿ ಅಂಥ ಸಂದಿಗಳು ಬಹಳ ಇದ್ದವು, ಅವ್ವನ ಕೂದಲು ಭಾಳ ಉದ್ದ. ನಾನು ಓಡಿಹೋಗಿ ಸಂದಿಗಳನ್ನೆಲ್ಲ ಬರಿದು ಮಾಡಿ ಲಂಗದಲ್ಲಿ ತುಂಬಿಕೊಂಡು ಬಂದೆ. ಅವನು ಒಂದೊಂದೇ ಉಂಡೆ ಬಿಚ್ಚಿ ನೋಡಿ, ಆಯಿಯ ಬೆಳ್ಳಗಿನ ಕೂದಲನ್ನು ಬೇರೆ ತೆಗೆದು ಬಹಳ ಮರ್ಯಾದೆಯಿಂದ ನನಗೇ ವಾಪಸು ಕೊಟ್ಟ. ಉಳಿದುದಕ್ಕೆ ಏಳು ಮರಿ ಎಣಿಸಿ ನನ್ನ ಲಂಗಕ್ಕೆ ಹಾಕಿದ. ಹಾಕುವಾಗ ಒಂದು ಮಾತು ಹೇಳಿದ. "ನೀರು ಮಾತ್ರ ಸೋಕಸಬ್ಯಾಡ ತಂಗಿ. ಕುಡಿಯಾಕ ಇಡು, ಮೈಗೆ ಹಚ್ಚಬ್ಯಾಡ." ಬಣ್ಣ ಹೋದೀತೆಂದು ಹೇಳುತ್ತಿದ್ದಾನೆ ಎಂದುಕೊಂಡೆ. ನನ್ನ ಒಂಬತ್ತು ವರ್ಷದ ಬುದ್ಧಿಗೆ ಅದಕ್ಕಿಂತ ಹೆಚ್ಚಿನ ಕಾರಣ ಹೊಳೆಯಲಿಲ್ಲ.

ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆಗೆ ಕೋಳಿಮರಿ ತರುವುದು ಎಂಥ ಕೆಲಸ ಎಂಬುದು ಹೊಸ್ತಿಲು ದಾಟಿದ ಮೇಲೆ ನೆನಪಾಯಿತು. ನಮ್ಮಲ್ಲಿ ತತ್ತಿ ಎಂಬ ಶಬ್ದವನ್ನು ಊಟದ ಹೊತ್ತಿನಲ್ಲಿ ಆಡುವಂತಿರಲಿಲ್ಲ. ಅವ್ವ ಲಂಗದೊಳಗೆ ಇಣುಕಿ ನೋಡಿದವಳು ಎರಡು ಹೆಜ್ಜೆ ಹಿಂದೆ ಸರಿದು, ಇವನ್ನು ಈಗಿಂದೀಗ ಹನುಮವ್ವನ ಅಂಗಳಕ್ಕೆ ಬಿಟ್ಟು ಬಂದು ತಲೆಮೇಲೆ ನೀರು ಹಾಕಿಕೋ ಎಂದಳು. ಹನುಮವ್ವ ನಮ್ಮ ಹಿತ್ತಲ ಬೇಲಿಯಾಚೆಯವಳು. ಕೋಳಿ ಸಾಕುವುದರಲ್ಲಿ ಊರಿಗೆ ದೊಡ್ಡವಳು, ನನಗೆ ಹನುಮಕ್ಕ. ಆದರೆ ಅವಳು ಆಗ ಊರಲ್ಲಿರಲಿಲ್ಲ. ಗಂಗಾವತಿ ಕಡೆ ಕಾಲುವೆಗೆ ನೀರು ಬಿಟ್ಟಿದ್ದರಿಂದ ಮರಳಿ ಎಂಬ ಊರಿಗೆ ಭತ್ತದ ನಾಟಿ ಹಚ್ಚಲು ಓಣಿಯ ಹೆಂಗಸರೊಡನೆ ಹೋಗಿದ್ದಳು. ತನ್ನ ಕೋಳಿಗಳನ್ನೆಲ್ಲ ತಂಗಿಯ ಊರಿಗೆ ಸಾಗಿಸಿ ಬಾಗಿಲಿಗೆ ಕೀಲಿ ಹಾಕಿದ್ದಳು. ಇದನ್ನು ನಾನು ವಾದವಾಗಿ ಮಂಡಿಸುತ್ತಿದ್ದಂತೆ ಪಡಸಾಲೆಯಿಂದ ಆಯಿಯ ದನಿ ಬಂತು. ನಮ್ಮ ಮನೆಯಲ್ಲಿ ಮೇಲಿನ ಕೋರ್ಟು ಕೂಡುತ್ತಿದ್ದುದು ಅಲ್ಲಿ.

ಆಯಿ ಮರಿಗಳನ್ನು ನೋಡಿದಳು. ಮುಟ್ಟಲಿಲ್ಲ. ಬಹಳ ಹೊತ್ತು ಸದ್ದು ಕೇಳಿದಳು.

"ಇವುಕ್ಕ ತಾಯಿ ಎಲ್ಲಿ?" ಎಂದಳು.

ತಾಯಿ ಇಲ್ಲ ಎಂದೆ. ಅದು ಖರೆಯೇ ಆಗಿತ್ತು. ಆ ದಿನಗಳಲ್ಲಿ ನಾನು ಖರೆ ಹೇಳಿದ್ದು ಅದೊಂದೇ ಇರಬೇಕು.

"ತತ್ತಿ ನಮ್ಮದಲ್ಲ, ಕೋಳಿ ನಮ್ಮದಲ್ಲ, ಒಪ್ಪಿದೆ. ಆದ್ರ ತಾಯಿ ಇಲ್ಲದ್ದು ಅಂದ್ರ ಕೂಸು. ಕೂಸು ಯಾರ ಮನ್ಯಾಗ ಅತ್ತರೂ ಅದು ನಂದ," ಎಂದು ಆಯಿ ತೀರ್ಪು ಕೊಟ್ಟಳು. ಷರತ್ತುಗಳೂ ಇದ್ದವು. ಮರಿಗಳು ಬಚ್ಚಲ ಹೊಸ್ತಿಲು ದಾಟಬಾರದು, ಪೂಜೆಯ ಹೊತ್ತಿನಲ್ಲಿ ಕೂಗಬಾರದು. ಎರಡನೆಯದನ್ನು ಮರಿಗಳಿಗೆ ತಿಳಿಸುವ ಜವಾಬ್ದಾರಿ ನನಗೆ ಬಿತ್ತು. ಅವ್ವ ಒಳಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು.

ಮುಂದಿನ ನಾಲ್ಕು ದಿನ ನಮ್ಮ ಬಚ್ಚಲಲ್ಲಿ ನಡೆದದ್ದು ಏಳು ಕೂಸುಗಳ ಬಾಣಂತನ. ಕೋಳಿಯ ಬಗ್ಗೆ ಆಯಿಗೆ ಏನೂ ಗೊತ್ತಿರಲಿಲ್ಲ. ಕೂಸಿನ ಬಗ್ಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದುದರಿಂದ ಗೊತ್ತಿಲ್ಲದ್ದನ್ನು ನಿಭಾಯಿಸಿದಳು. ಬುಟ್ಟಿಗೆ ಹತ್ತಿ ಹಾಸಿ, ಮೇಲೆ ಹಳೇ ಕಂಬಳಿಯ ತುಂಡು ಮುಚ್ಚಿ, ಹಂಡೆಯ ಒಲೆಗೆ ಒಂದು ಮೊಳ ದೂರದಲ್ಲಿ ಇಡಿಸಿದಳು. ನವಣೆಯ ನುಚ್ಚನ್ನು ತಾನೇ ಜರಡಿ ಹಿಡಿದು ಸಣ್ಣದು ಬೇರೆ ಮಾಡಿದಳು. ದೃಷ್ಟಿಯಾದೀತೆಂದು ಏಳೂ ಮರಿಗಳ ನೆತ್ತಿಗೆ ಕಾಡಿಗೆಯ ಬೊಟ್ಟಿಟ್ಟಳು. ಗುಲಾಬಿ ಬಣ್ಣದ ಕೋಳಿಮರಿಯ ತಲೆಯ ಮೇಲೆ ಕಪ್ಪು ಬೊಟ್ಟು ಇಟ್ಟರೆ ಹೇಗೆ ಕಾಣುತ್ತದೆ ಎಂಬುದನ್ನು ನೋಡಿಯೇ ತಿಳಿಯಬೇಕು. ಸಾಲಿಯಿಂದ ಬಂದವಳು ಚೀಲ ಎಸೆದು ನೇರ ಬಚ್ಚಲಿಗೆ ಓಡುತ್ತಿದ್ದೆ. ಆಯಿ ಹಾಸುಗಲ್ಲಿನ ಮೇಲೆ ಕೂತು ಅಂಗೈಯಲ್ಲಿ ನುಚ್ಚು ಹಿಡಿದಿರುತ್ತಿದ್ದಳು. ಮರಿಗಳು ಅವಳ ಅಂಗೈಯನ್ನು ಕುಟುಕುತ್ತಿದ್ದವು. ಹುಟ್ಟಿದಂದಿನಿಂದ ಕೋಳಿಯ ನೆರಳೂ ಸೋಕದಂತೆ ಬಾಳಿದ ಆಯಿ, ಅಯ್ಯ, ಕಚಗುಳಿ ಆಗ್ತೈತಿ ನೋಡು ಎಂದು ನಗುತ್ತಿದ್ದಳು. ಎಷ್ಟೋ ದಿನದಿಂದ ಊರಲ್ಲಿ ಹೆಚ್ಚು ಕೂಸು ಹುಟ್ಟಿರಲಿಲ್ಲ. ಹುಟ್ಟಿದ ಒಂದೆರಡಕ್ಕೂ ದವಾಖಾನೆಯ ಸಿಸ್ಟರು ಹೇಳಿದಂತೆ ಬಟ್ಟೆಯಲ್ಲಿ ಒರೆಸುವ ಪದ್ಧತಿ ಶುರುವಾಗಿತ್ತು. ಆಯಿಗೆ ಕೈ ಖಾಲಿ ಇತ್ತು ಎಂಬುದು ನನಗೆ ಈಗ ತಿಳಿಯುತ್ತದೆ. ಆಗ ತಿಳಿದದ್ದು ಇಷ್ಟೇ, ಆಯಿ ಖುಷಿಯಾಗಿದ್ದಾಳೆ, ಆ ಖುಷಿ ತಂದವಳು ನಾನು.

ಐದನೆಯ ದಿನ ಬಂತು. ನಮ್ಮ ಕಡೆ ಕೂಸಿನ ಐದನೆಯ ದಿನಕ್ಕೆ ಐದೇಶಿ ಎನ್ನುತ್ತಾರೆ. ಅವತ್ತು ಕೂಸಿಗೆ ಚೊಕ್ಕ ಎರೆದು ಪೂಜೆ ಮಾಡುವ ಪದ್ಧತಿ. ಅಷ್ಟರಲ್ಲಿ ಮರಿಗಳೂ ಹೊಲಸಾಗಿದ್ದವು. ನುಚ್ಚು ಹಿಕ್ಕೆ ಎಲ್ಲ ಸೇರಿ ಪುಕ್ಕಕ್ಕೆ ಮೆತ್ತಿಕೊಂಡು ಗಟ್ಟಿಯಾಗಿತ್ತು, ಅವ್ವ ಮೂಗಿಗೆ ಸೆರಗು ಹಿಡಿದೇ ಸ್ನಾನಕ್ಕೆ ಹೋಗುತ್ತಿದ್ದಳು. ಆ ಮಧ್ಯಾಹ್ನ ಆಯಿ ನನ್ನನ್ನು ಕರೆದು, ಇವತ್ತು ಇವುಕ್ಕ ಎರದು ಹೊಗಿ ಹಾಕೂಣು, ತಂಬಿಗಿ ನೀನ ಹಿಡಿ ಎಂದಳು. ಅವಳ ಮಾತು ಮುಗಿಯುವ ಮೊದಲೇ ತಂಬಿಗೆ ಎತ್ತಿಕೊಂಡೆ. ನಾನು ಹಂಡೆಯ ಮುಚ್ಚಳಕ್ಕೆ ಕೈ ಹಾಕಿದ್ದೆ. ಆಗ ಆಯಿ ಸೀರೆ ಮೊಣಕಾಲಿಗೆ ಏರಿಸಿ ಕೂತವಳು ಒಂದು ಗಳಿಗೆ ತಡೆದಳು. ಸಾವಿರ ಕೂಸಿಗೆ ಎರೆದವಳು, ಯಾವ ಡಾಕ್ಟರನ್ನೂ ಯಾವ ಸೂಲಗಿತ್ತಿಯನ್ನೂ ಒಂದು ಮಾತು ಕೇಳದವಳು, ಒಂಬತ್ತು ವರ್ಷದ ನನ್ನನ್ನು ಕೇಳಿದಳು.

"ಎರದ್ರ ನಡೀತೈತೇನವಾ ಇವುಕ್ಕ? ಕೊಟ್ಟಾಂವ ಏನರ ಹೇಳ್ಯಾನೇನು?"

ನನ್ನ ಕೈಯಲ್ಲಿ ತಂಬಿಗೆ ಇತ್ತು.

"ಏನೂ ಹೇಳಿಲ್ಲ," ಎಂದೆ.

ಎರಡು ಶಬ್ದ. ನೌಕರಿಗೆ ಸೇರಿದ ಮೇಲೆ ಸರ್ಕಾರಿ ಕಾಗದಗಳ ಮೇಲೆ ಸಾವಿರಾರು ಸಲ ಸಹಿ ಮಾಡಿದ್ದೇನೆ, ಅವುಗಳಲ್ಲಿ ನಾಲ್ಕಾರು ತಪ್ಪೂ ಇದ್ದಾವು. ಆದರೆ ನಿದ್ದೆ ಹತ್ತದಂತೆ ಮಾಡುವುದು ಈ ಎರಡು ಶಬ್ದ ಮಾತ್ರ. ಬಣ್ಣ ಹೋದರೆ ಹೋಗಲಿ, ತಂಬಿಗೆ ಹೋಗಬಾರದು ಎಂದು ನನ್ನ ಲೆಕ್ಕ.

ಆಯಿ ಎರೆದದ್ದನ್ನು ನೀವು ನೋಡಬೇಕಾಗಿತ್ತು. ಒಂದೊಂದೇ ಮರಿಯನ್ನು ಅಂಗೈಯಲ್ಲಿ ಮಲಗಿಸಿ, ಒಂದು ಹನಿ ಕೊಬ್ಬರಿ ಎಣ್ಣೆಯನ್ನು ಬೆರಳ ತುದಿಯಿಂದ ಬೆನ್ನಿಗೆ ನೀವಿ, ಕಡಲೆಹಿಟ್ಟು ಸವರಿ, ನಾನು ಕೊಟ್ಟ ತಂಬಿಗೆಯ ನೀರನ್ನು ಬೆರಳ ಸಂದಿಯಿಂದ ಸಣ್ಣಗೆ ಬಿಟ್ಟಳು. ನೀರಿನ ಹದ ಸರಿಯಾಗಿತ್ತು. ಆಯಿ ಮೊಳಕೈ ಅದ್ದಿ ನೋಡಿ, ಹೂಂ, ಕೈಗೆ ಹದ ಬಂದೈತಿ ಎಂದಳು. ನನಗೆ ಸಿಕ್ಕ ಸರ್ಟಿಫಿಕೇಟುಗಳಲ್ಲೆಲ್ಲ ಅದೇ ದೊಡ್ಡದು. ಗುಲಾಬಿ ನೀರು, ಹಳದಿ ನೀರು, ಹಸಿರು ನೀರು ಹಾಸುಗಲ್ಲಿನ ಮೇಲೆ ಬೇರೆ ಬೇರೆಯಾಗಿ ಹರಿದು ಮೋರಿಯ ಹತ್ತಿರ ಒಂದಾಗಿ ಮಣ್ಣಿನ ಬಣ್ಣಕ್ಕೆ ತಿರುಗಿತು. ಎರೆಸಿಕೊಂಡ ಮರಿ ಹೆಬ್ಬೆಟ್ಟಿನಷ್ಟೇ ಆಗಿ, ತೊಯ್ದ ಹತ್ತಿಯ ಬತ್ತಿಯಂತೆ ಕಾಣುತ್ತಿತ್ತು. ಆಯಿ ಅದನ್ನು ಅಜ್ಜನ ಹಳೇ ಧೋತರದ ಮೆತ್ತನೆಯ ತುಂಡಿನಲ್ಲಿ ಸುತ್ತಿ, ಅಗ್ಗಿಷ್ಟಿಕೆಯ ಲೋಬಾನದ ಹೊಗೆಗೆ ಹಿಡಿದು, ಹಣೆ ಇರಬಹುದಾದ ಜಾಗಕ್ಕೆ ಬೂದಿ ಹಚ್ಚಿ ಬುಟ್ಟಿಗೆ ಇಟ್ಟಳು. ಹೀಗೆ ಆರು ಆದವು. ಏಳನೆಯದು, ಹಸಿರುದು, ಕಾಣಲಿಲ್ಲ. ನಾವಿಬ್ಬರೂ ಹುಡುಕಿದೆವು. ಆಯಿಗೆ ಅಷ್ಟರಲ್ಲಿ ಸೊಂಟ ಹಿಡಿದಿತ್ತು. ಎಲ್ಲಿ ಹೋಗ್ತದ, ಸಿಕ್ಕಾಗ ಎರದರಾತು ಎಂದು ಎದ್ದಳು.

ಸಂಜೆಗೆ ಆರೂ ಒಂದಕ್ಕೊಂದು ಒತ್ತಿಕೊಂಡು ಕಣ್ಣು ಮುಚ್ಚಿದ್ದವು. ಸದ್ದಿರಲಿಲ್ಲ. ಎರೆದ ಕೂಸು ನಿದ್ದೆ ಮಾಡುವುದು ಆಯಿಯ ಕೈಗುಣವೆಂದು ನನಗೆ ಗೊತ್ತಿದ್ದುದರಿಂದ ನಾನು ಅವ್ವನ ಹತ್ತಿರ ಹೋಗಿ ಬಹಳ ಜಂಬದಿಂದ, ಮರಿ ಮಲಗ್ಯಾವ, ಪಾತ್ರಿ ಸಪ್ಪಳ ಮಾಡಬ್ಯಾಡ ಎಂದು ಹೇಳಿ ಬಂದೆ.

ಮರುದಿನ ಬೆಳಗ್ಗೆ ಆಯಿ ನನ್ನನ್ನು ಎಬ್ಬಿಸಲಿಲ್ಲ. ನಾನೇ ಎದ್ದು ಹೋದಾಗ ಅವಳು ಹಾಸುಗಲ್ಲಿನ ಮೇಲೆ ಕೂತಿದ್ದಳು. ಧೋತರದ ತುಂಡು ತೊಡೆಯ ಮೇಲೆ ಹರವಿತ್ತು, ಅದರ ಮೇಲೆ ಆರು ಮರಿಗಳು ಸಾಲಾಗಿದ್ದವು. ಅರ್ಧ ಬಣ್ಣ ಹೋಗಿ ಅರ್ಧ ಉಳಿದಿತ್ತು. ಕಾಲುಗಳು ಮಾತ್ರ ಸಪೂರವಾಗಿ, ನೆಟ್ಟಗೆ ಚಾಚಿಕೊಂಡಿದ್ದವು. ಅದೇ ಹೊತ್ತಿಗೆ ಹಂಡೆಯ ಒಲೆಯ ಬೂದಿಯೊಳಗಿಂದ ಚಿಂವ್ ಎಂದು ಸದ್ದಾಯಿತು. ಏಳನೆಯದು ಆ ಬೆಚ್ಚನೆಯ ಬೂದಿಯಲ್ಲಿ ಹೂತು ಕೂತಿದ್ದದ್ದು ಮೈ ಕೊಡವಿಕೊಂಡು ಹೊರಗೆ ಬಂದು, ಆಯಿಯ ಕಾಲಿನ ಹತ್ತಿರ ನಿಂತು ನುಚ್ಚಿಗೆ ಮುಖ ಎತ್ತಿತು. ಆಯಿ ಅದನ್ನೂ ನೋಡಿದಳು, ತೊಡೆಯ ಮೇಲಿನವನ್ನೂ ನೋಡಿದಳು. ಆಮೇಲೆ ತನ್ನ ಎರಡೂ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು, ಯಾರೋ ಎರವಲು ಕೊಟ್ಟಿದ್ದನ್ನು ನೋಡುವಂತೆ.

"ನನ್ನ ಕೈಲೆ ಎರದಿದ್ದು ಹೋದುವು. ಎರೀಲಾರದ್ದು ಉಳೀತು," ಎಂದಳು. ಅತ್ತಳೆಂದು ಹೇಳಲಾರೆ. ಕರಿಬೇವಿನ ಗಿಡದ ಬುಡದಲ್ಲಿ ತಾನೇ ಕುಣಿ ತೋಡಿ, ಆರಕ್ಕೂ ಈಬತ್ತಿ ಹಚ್ಚಿ ಮಣ್ಣು ಮಾಡಿದಳು. ಕೋಳಿಗೆ ವಿಭೂತಿಯ ಸಂಸ್ಕಾರವಾದದ್ದು ನಮ್ಮ ತಾಲೂಕಿನಲ್ಲಿ ಅದೇ ಮೊದಲಿರಬೇಕು. ಅವ್ವ ಕೂಡ ಬೇಡವೆನ್ನಲಿಲ್ಲ. ಬಾಗಿಲಲ್ಲಿ ನಿಂತು ಸೆರಗಿನಿಂದ ಈ ಸಲ ಮೂಗನ್ನಲ್ಲ, ಕಣ್ಣು ಒರೆಸಿಕೊಂಡಳು.

ಹನುಮಕ್ಕ ಮರಳಿಯಿಂದ ಬಂದದ್ದು ಅದಾಗಿ ಎಂಟು ದಿನಕ್ಕೆ, ತಲೆಯ ಮೇಲೆ ಹೊಸ ಅಕ್ಕಿಯ ಗಂಟು, ಕಾಲಿನ ಬೆರಳುಗಳ ಸಂದಿಯಲ್ಲಿ ನಾಟಿಯ ಕೆಸರಿಗೆ ಎದ್ದ ಹುಣ್ಣು. ಬೇಲಿಯ ಹತ್ತಿರ ನನ್ನನ್ನು ಕಂಡು, ಹಸಿರು ಮರಿಯನ್ನೂ ಕಂಡು, ಸಾವಕಾರ ಮನ್ಯಾಗ ಕೋಳಿ ಹೊಕ್ಕೈತಲ್ಲ, ಇನ್ನ ಲೋಕ ಮುಳುಗ್ತದ ಬಿಡು ಎಂದು ನಕ್ಕಳು. ಒಂದೇ ಯಾಕೆ ಎಂದು ಕೇಳಿದಳು. ಆರನ್ನು ಬೆಕ್ಕು ಒಯ್ತು ಎಂದೆ. ಎರಡನೆಯ ಸುಳ್ಳು ಮೊದಲನೆಯದಕ್ಕಿಂತ ಸರಾಗವಾಗಿ ಬಂತು. ಹನುಮಕ್ಕನ ಕಣ್ಣು ನನ್ನ ತಲೆಯಾಚೆ ಹಗ್ಗದ ಮೇಲೆ ಹೋಯಿತು. ಅಲ್ಲಿ ಅಜ್ಜನ ಧೋತರದ ತುಂಡು ಒಣಗುತ್ತಿತ್ತು. ಅವ್ವ ಮೂರು ಸಲ ಒಗೆದರೂ ಹೋಗದ ಗುಲಾಬಿ ಕಲೆ ಅದರ ತುಂಬ ಇತ್ತು.

"ಎರದ್ರಿ?" ಎಂದಳು ಹನುಮಕ್ಕ, ದನಿ ಇಳಿಸಿ.

ನಾನು ತಲೆ ತಗ್ಗಿಸಿದೆ.

"ಅಮ್ಮಾರು ಎರದ್ರು ಹೌದಲ್ಲ. ತಾಯಿ ಇಲ್ಲದ ಮರಿ ತೊಯ್ದ್ರ ಥಂಡಿ ಹಿಡದು ಸಾಯ್ತಾವವಾ, ದೇವರು ಎರದರೂ ಸಾಯ್ತಾವ. ಇದನ್ನ ಅಮ್ಮಾರ ಮುಂದ ಹೇಳಬ್ಯಾಡ ಮತ್ತ. ನನ್ನ ನೀರಿಂದ ಹೋದುವು ಅಂತ ಜೀವಕ್ಕ ಭಾಳ ಹಚ್ಚಿಕೋತಾರ."

ಅವಳ ಬಾಯಲ್ಲಿ ಅಮ್ಮಾರು ಎಂದರೆ ಆಯಿ. ಹನುಮಕ್ಕ ಅದನ್ನು ಪ್ರೀತಿಯಿಂದ ಹೇಳಿದಳು. ಆಯಿಯ ಕಾಲಮೇಲೆ ಅವಳೂ ಮಲಗಿ ಬೆಳೆದವಳು, ಅವಳ ಮೂರು ಮಕ್ಕಳೂ ಮಲಗಿದವು. ಆಯಿ ತನ್ನೊಳಗೆ ಏನು ತಿಳಿದು ಕೂತಿದ್ದಾಳೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಬೇಲಿ ಹಾರಿ ಬಂದು ಕೂಗಿ ಹೇಳುತ್ತಿದ್ದಳು. ನನಗೆ ಎರಡೂ ಗೊತ್ತಿತ್ತು. ಯಾರ ಕೈಯಿಂದ ಎರೆದರೂ ಸಾಯುತ್ತಿದ್ದವು ಎಂಬುದೂ ಗೊತ್ತಿತ್ತು, ತನ್ನ ಕೈಯ ಗುಣ ಹೋದದ್ದರಿಂದಲೇ ಸತ್ತವೆಂದು ಆಯಿ ನಂಬಿದ್ದಾಳೆ ಎಂಬುದೂ ಗೊತ್ತಿತ್ತು. ಈ ಎರಡನ್ನು ಒಂದು ಕಡೆ ಇಡಬೇಕಾದವಳು ನಾನೊಬ್ಬಳೇ. ಆದರೆ ಇಟ್ಟ ಕೂಡಲೇ ಮೂರನೆಯದೂ ಹೊರಗೆ ಬರುತ್ತಿತ್ತು: ಕೊಟ್ಟವನು ಹೇಳಿದ್ದ, ನಾನು ನುಂಗಿದ್ದೆ. ಹನುಮಕ್ಕನ ಮಾತು ನನಗೆ ಒಳ್ಳೆಯ ಆಸರೆಯಾಯಿತು. ದೊಡ್ಡವರೇ ಹೇಳಬೇಡ ಎಂದ ಮೇಲೆ ಹೇಳುವುದು ತಪ್ಪಲ್ಲವೇ ಎಂದು ಬಾಯಿ ಮುಚ್ಚಿಕೊಂಡೆ. ಒಂಬತ್ತು ವರ್ಷಕ್ಕೆ ಅಷ್ಟು ಕಾನೂನು ನನಗೆ ತಿಳಿದಿತ್ತು.

ಹೋಳಿಹುಣ್ಣಿಮೆಯ ಮುಂದೆ ಅತ್ತಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಹೆಣ್ಣುಕೂಸು ಹುಟ್ಟಿತು. ಮಾರನೆಯ ದಿನ ಅವ್ವ ಹಂಡೆ ಕಾಸಿ, ಮಣೆ ಇಟ್ಟು, ಎಣ್ಣೆಯ ಬಟ್ಟಲು ತಂದಿಟ್ಟು ಆಯಿಯನ್ನು ಕರೆದಳು. ಆಯಿ ಪಡಸಾಲೆಯ ಕಂಬ ಬಿಟ್ಟು ಏಳಲಿಲ್ಲ. ಕೆಳಗಿನ ಓಣಿಯ ಗೌರವ್ವನನ್ನು ಕರೆಸ್ರಿ, ನನ್ನಿಂದ ಆಗಂಗಿಲ್ಲ ಎಂದಳು. ಸೊಂಟನೋವೆಂದು ಎಲ್ಲರೂ ತಿಳಿದರು. ಅಪ್ಪ ಎಣ್ಣೆ ತಿಕ್ಕಿಸಲೇ ಎಂದ, ಅವ್ವ ನಾನೇ ಹಿಡಿಯುತ್ತೇನೆ ನೀವು ಕೈ ಆಡಿಸಿದರೆ ಸಾಕೆಂದಳು. ಆಯಿ ಅಲ್ಲಾಡಲಿಲ್ಲ. ಕೊನೆಗೆ ಅತ್ತಿಯೇ ಬಾಣಂತಿಕೋಣೆಯ ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತಳು. ಮುಖ ಬಿಳಿಚಿತ್ತು.

"ಊರ ಮಕ್ಕಳಿಗೆಲ್ಲ ಎರದಿ. ನನ್ನ ಕೂಸಿಗೆ ಬ್ಯಾಡೇನ ಯವ್ವಾ?"

"ನಿನ್ನ ಕೂಸು ಉಳೀಬೇಕವಾ ನನಗ," ಎಂದಳು ಆಯಿ.

ಆ ಮಾತು ಅತ್ತಿಯ ತಲೆಗೆ ಹೋಗಲಿಲ್ಲ. ಅವ್ವ ನನ್ನ ಕಡೆ ಒಮ್ಮೆ ನೋಡಿ, ಏನೋ ಹೊಳೆದಂತಾಗಿ, ಹೊಳೆದದ್ದನ್ನು ಅಲ್ಲೇ ಬಿಟ್ಟಳು. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ನಾಲ್ಕು ಹೆಜ್ಜೆ ನಡೆದರೆ ಕಂಬ. ಆಯಿ ನನಗೆ ಎಂದೂ ಹೊಡೆದವಳಲ್ಲ, ಬೈದರೂ ಬಯ್ಯುವಾಗಲೇ ನಗುತ್ತಿದ್ದವಳು. ಹಾಗಿದ್ದರೂ ಹೋಗಲಿಲ್ಲ. ತಂಬಿಗೆ ಇನ್ನೆಂದೂ ಕೈಗೆ ಸಿಗಲಾರದು ಎಂಬ ಹೆದರಿಕೆ ಇತ್ತೆಂದು ಕಾಣುತ್ತದೆ. ಆ ಮನೆಯಲ್ಲಿ ಅದು ಹೇಗೂ ಸಿಗಲಿಲ್ಲ. ಗೌರವ್ವ ಬಂದು ಎರೆದಳು. ಒರಟು ಕೈ, ಕೂಸು ಬಹಳ ಅತ್ತಿತು. ಆಯಿ ಕಂಬಕ್ಕೆ ತಲೆ ಒರಗಿಸಿ ಬಚ್ಚಲ ನೀರಿನ ಸದ್ದು ಕೇಳುತ್ತ ಕೂತಳು. ಅವಳ ಬೆರಳುಗಳು ಮಡಿಲಲ್ಲಿ ತಾವೇ ಏನನ್ನೋ ನೀವುತ್ತಿದ್ದವು. ಅದಾದ ಮೇಲೆ ಊರಿನ ಯಾವ ಕೂಸಿಗೂ ಆಯಿ ಎರೆಯಲಿಲ್ಲ. ಕರೆಯಲು ಬಂದವರಿಗೆ ವಯಸ್ಸಾತು ಎನ್ನುತ್ತಿದ್ದಳು. ಮೂರು ತಿಂಗಳ ಹಿಂದೆ ಆಗಿರದ ವಯಸ್ಸು ಆಗಿತ್ತು, ಅದೂ ಖರೆ.

ಹಸಿರು ಮರಿ ಬೆಳೆದು ಹುಂಜವಾಯಿತು. ಬಣ್ಣವೆಲ್ಲ ಉದುರಿ ಬೆಳ್ಳಗಾದರೂ ರೆಕ್ಕೆಯ ಅಡಿ ಒಂದು ಪುಕ್ಕ ಬಹಳ ದಿನ ಹಸಿರಾಗಿಯೇ ಉಳಿದಿತ್ತು. ಪೂಜೆಯ ಹೊತ್ತಿನಲ್ಲಿ ಕೂಗಬಾರದೆಂಬ ಷರತ್ತನ್ನು ಅದು ಒಂದು ದಿನವೂ ಪಾಲಿಸಲಿಲ್ಲ. ಆಯಿ ಈಬತ್ತಿ ಹಚ್ಚಿಕೊಳ್ಳುವ ಹೊತ್ತಿಗೆ ಸರಿಯಾಗಿ ಹಿತ್ತಲ ಗೋಡೆ ಏರಿ ಕೂಗುತ್ತಿತ್ತು. ಆಯಿಯ ಕೈ ಹಣೆಯ ಹತ್ತಿರ ಹೋದದ್ದು ನಡುವೆಯೇ ನಿಲ್ಲುತ್ತಿತ್ತು. ಕೊನೆಗೆ ಅವ್ವ ತಡೆಯಲಾರದೆ ಅದನ್ನು ಹನುಮಕ್ಕನಿಗೆ ಕೊಟ್ಟಳು. ಮುಂದೆ ಅದು ಏನಾಯಿತೆಂದು ಅವಳು ಹೇಳಲಿಲ್ಲ, ನಾವು ಕೇಳಲಿಲ್ಲ. ನೆರೆಹೊರೆ ಉಳಿಯುವುದು ಇಂಥ ಸಭ್ಯತೆಯಿಂದಲೇ.

ನಾನು ಕುಷ್ಟಗಿಯಲ್ಲಿ ಪಿಯುಸಿ ಓದುವಾಗ ಆಯಿ ಹಾಸಿಗೆ ಹಿಡಿದಳು. ಒಂದು ರವಿವಾರ ಊರಿಗೆ ಬಂದವಳು ಅವಳ ಮಗ್ಗುಲಲ್ಲಿ ಕೂತಿದ್ದೆ. ಕೈ ಹಿಡಿದಿದ್ದೆ. ಅಷ್ಟು ವರ್ಷ ಖಾಲಿ ಇದ್ದರೂ ಆ ಅಂಗೈ ಎಣ್ಣೆ ಹಚ್ಚಿದಂತೆಯೇ ಮೆತ್ತಗಿತ್ತು. ಆಯಿ ಮಾಳಿಗೆಯ ತೊಲೆ ನೋಡುತ್ತ, ಆ ಹಸರ ಮರಿ ಯಾಕ ಉಳೀತವಾ ಎಂದಳು. ಎಂಟು ವರ್ಷದ ನಂತರ, ನಿನ್ನೆಯ ಮಾತು ಮುಂದುವರಿಸಿದಂತೆ. ನನಗಾಗ ಹದಿನೇಳು, ವಿಜ್ಞಾನ ಓದುತ್ತಿದ್ದೆ, ಎಲ್ಲ ವಿವರಿಸಬಲ್ಲವಳಾಗಿದ್ದೆ. ಒಲೆಯ ಬೂದ್ಯಾಗ ಬೆಚ್ಚಗಿತ್ತಲ್ಲ ಆಯಿ, ಅದಕ್ಕ ಎಂದೆ. ಅರ್ಧ ಖರೆ. ಉಳಿದರ್ಧ ನಾಲಿಗೆಯ ತುದಿಯಲ್ಲೇ ಇತ್ತು. ಇನ್ನೊಂದು ರವಿವಾರ ಬಂದಾಗ ಹೇಳಿದರಾಯಿತು ಎಂದುಕೊಂಡೆ. ಆಯಿ ನನ್ನ ಕೈಯಿಂದ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು, ದುಪ್ಪಟಿಯೊಳಗೆ ಎಳೆದುಕೊಂಡಳು. ನನಗೆ ಸೋಕಬಾರದೆಂದು.

ಆ ಇನ್ನೊಂದು ರವಿವಾರಕ್ಕೆ ನಾನು ಬಂದೆ, ಆಯಿ ಇರಲಿಲ್ಲ. ಅವಳ ನಂತರ ಮನೆ ಪಾಲಾಯಿತು, ಮಾಳಿಗೆ ಇಳಿಯಿತು, ಹಂಡೆ ಯಾರ ಪಾಲಿಗೆ ಹೋಯಿತೋ ತಿಳಿಯದು. ಹಾಸುಗಲ್ಲು ಈಗ ರಸ್ತೆಬದಿಯ ಗಟಾರಿನ ಮೇಲಿದೆ. ಮೇಲೆ ನಡೆದು ಹೋಗುವವರ ಪೈಕಿ ಎಷ್ಟೋ ಮಂದಿ ಅದರ ಮೇಲೆಯೇ ಮೊದಲ ಸಲ ಅತ್ತವರು. ಹನುಮಕ್ಕನೂ ಹೋದಳು. ಕರಿಬೇವಿನ ಗಿಡ ಬಹಳ ದಿನ ಇತ್ತು.

ಶಾಂತವ್ವ ಹೊಗೆ ಹಾಕುವುದು ಮುಗಿಸಿ ಮೊಮ್ಮಗಳನ್ನು ನನ್ನ ಟವೆಲಿಗೆ ಹಾಕಿದಳು. ನಾಳೆ ನನಗ ಹುಲಿಗಿ ಗುಡಿಗೆ ಹೋಗೋದೈತ್ರಿ ಅಕ್ಕಾರ, ಒಂದಿನ ನೀವ ಎರದುಬಿಡ್ರಿ ಎಂದಳು. ನನ್ನ ಕೈಯಿಂದ ಆಗದು ಎಂದೆ. ಇಷ್ಟು ದಿನ ತಂಬಿಗಿ ಹಿಡದೀರಿ, ನೀರಿನ ಹದ ನಿಮ್ಮಷ್ಟು ಯಾರಿಗೂ ಬರಂಗಿಲ್ಲ, ಅದೇನು ಹೆದರಿಕಿರಿ ಎಂದು ಅವಳು ನಕ್ಕಳು. ಕೂಸು ನನ್ನ ಎದೆಯ ಮೇಲೆ ಬೆಚ್ಚಗೆ ಹೊಗೆಯ ವಾಸನೆ ಸೂಸುತ್ತ ನಿದ್ದೆಗೆ ಜಾರುತ್ತಿತ್ತು. ಯಾಕೆ ಹೇಳಿದೆನೋ ತಿಳಿಯದು, ಆ ಮಾತು ತಾನಾಗಿಯೇ ಬಾಯಿಂದ ಬಂತು, ನಲವತ್ತು ವರ್ಷ ತಡವಾಗಿ, ಕೇಳಬೇಕಾಗಿರದವಳ ಮುಂದೆ.

"ತಾಯಿ ಇಲ್ಲದ ಕೋಳಿಮರಿಗೆ ಎರೀಬಾರದು, ಗೊತ್ತೈತೇನು ಶಾಂತವ್ವ? ಯಾರ ಕೈಲೆ ಎರದರೂ ಸಾಯ್ತಾವ."

ಶಾಂತವ್ವ ಅಗ್ಗಿಷ್ಟಿಕೆ ಎತ್ತಿಕೊಂಡು ಹೊರಟವಳು ಬಾಗಿಲಲ್ಲಿ ತಿರುಗಿ ನೋಡಿದಳು.

"ಅದು ಯಾರಿಗೆ ಗೊತ್ತಿಲ್ರಿ ಅಕ್ಕಾರ," ಎಂದಳು.

ನಾನು ಮೊಮ್ಮಗಳನ್ನು ಎತ್ತಿಕೊಂಡು ಕೋಣೆಗೆ ಹೋದೆ. ಸಂಜೆಯವರೆಗೂ ಅದು ಏಳಲಿಲ್ಲ. ನಾನು ಮಾತ್ರ ಮಗ್ಗುಲಲ್ಲೇ ಕೂತು, ಉಸಿರಾಡುತ್ತಿದೆಯೇ ಎಂದು ಮತ್ತೆ ಮತ್ತೆ ಬೆರಳಿಟ್ಟು ನೋಡುತ್ತಿದ್ದೆ.